ಗುರುವಿನ ಪಾಲು

ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ವನ್ನು ಓದಿದವರಿಗೆ ಅದರ ಆರಂಭದಲ್ಲಿ ಬರುವ ಇಬ್ಬರು ನಾಟ್ಯಾಚಾರ್ಯರ ಜಗಳ ನೆನಪಿರಬಹುದು. ಗಣದಾಸ, ಹರದತ್ತ ಎಂಬ ಈ ಇಬ್ಬರು ತಮ್ಮಲ್ಲಿ ಯಾರು ಮೇಲೆಂಬುದನ್ನು ರಾಜಸನ್ನಿಧಿಯಲ್ಲಿ ತೀರ್ಮಾನ ಮಾಡಿಸಿಕೊಳ್ಳಲು ಬರುತ್ತಾರೆ. ಪಂಡಿತಳಾದ ಒಬ್ಬ ಪರಿವ್ರಾಜಿಕೆ ಮಧ್ಯಸ್ಥಳಾಗುತ್ತಾಳೆ. ಗುರುಗಳು ತಾವೇ ಕುಣಿದು ತೋರಿಸತಕ್ಕದ್ದಲ್ಲ. ಅವರವರ ಶಿಷ್ಯೆಯರು ಕುಣಿಯಬೇಕು, ಅದನ್ನು ನೋಡಿ ಗುರುವಿನ ತೂಕವನ್ನು ನಿಶ್ಚಯಿಸಬೇಕು ಎಂದು ಏರ್ಪಾಡಾಗುತ್ತದೆ. ಗಣದಾಸನ ಶಿಷ್ಯೆಯಾದ ಮಾಲವಿಕೆ ಮೊದಲು ಬಂದು ಸಭೆಯನ್ನು ಸೂರೆಗೊಳ್ಳುತ್ತಾಳೆ. ಹರದತ್ತನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತೆಂದು ವೈತಾಳಿಕರು ಸಾರುತ್ತಾರೆ. ರಾಜನು, ನಿಮ್ಮದನ್ನು ನಾಳೆ ನೋಡುವೆವೆಂದು ಹೇಳಿ ಭೋಜನಕ್ಕೆ ಏಳುತ್ತಾನೆ. ಆ ನಾಳೆ ನಾಟಕದಲ್ಲಿ ಬರುವುದೇ ಇಲ್ಲ. ರಾಜನಿಗೆ ಬೇಕಾಗಿದ್ದುದು ಮಾಲವಿಕೆಯ ದರ್ಶನ, ಅದು ಆಗಿಹೋಯಿತು. ಹರದತ್ತನು ಎಂತಹ ಗುರುವೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಪ್ರಸಂಗ ಮತ್ತೆ ನೆನಪಾದದ್ದು ವಿಚಿತ್ರವಾದ ಒಂದು ಸಂದರ್ಭದಲ್ಲಿ. ಅಮೆರಿಕಾ ದೇಶದಲ್ಲಿ ರಾತ್ರಿ ನಡೆಯುವ ಬಾಸ್ಕೆಟ್‌ಬಾಲ್ ಪಂದ್ಯಗಳು ನಮ್ಮಲ್ಲಿ ಬೆಳಗಿನ ಹೊತ್ತಿಗೆ ದೂರದರ್ಶನದ ಪೆಟ್ಟಿಗೆಯಲ್ಲಿ ಕಾಣುತ್ತವೆ. ನನ್ನ ಮೊಮ್ಮಗ ಶಾಲೆಗೆ ಹೊರಡುವ ಮೊದಲು ಅದರ ಮುಂದೆ ಕುಳಿತಿರುತ್ತಾನೆ. ಒಂದು ದಿನ ಅವನು, "ತಾತ, ಎಲ್ಲರೂ ಸೇರಿ ಈ ಮೇಷ್ಟ್ರೇ ಫಸ್ಟ್ ಅಂದರು. ಎರಡು ವರ್ಷ ಆಗೋದರೊಳಗೆ ಅವರನ್ನೇ ಕೆಲಸದಿಂದ ತೆಗೆದುಹಾಕಿದರಲ್ಲ, ಯಾಕೆ?" ಎಂದು ಕೇಳಿದನು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನಿಗೆ ದೊರೆತ ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

ಆಟದ ವಿಷಯವಾಗಿ ನಾಲ್ಕು ಮಾತು ಸಾಕು. ಕಡೆಗೊಂದರಂತೆ ಎತ್ತರದಲ್ಲಿ ಕಟ್ಟಿದ ಎರಡು ಬಳೆಗಳು. ಒಂದೊಂದು ಪಕ್ಷದಲ್ಲಿ ಐದೈದು ಜನ. ಚೆಂಡನ್ನು ನೆಲಕ್ಕೆ ಪುಟಿಸುತ್ತ, ಕೈಯಿಂದ ಕೈಗೆ ದಾಟಿಸುತ್ತ, ಎದುರಾಳಿಗಳ ಬಳೆಯೊಳಕ್ಕೆ ಹಾಕುವುದು. 1891 ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮೋಪಾಧ್ಯಾಯರು ಚಳಿಗಾಲದಲ್ಲಿ ಒಳಮನೆಯಲ್ಲಿ ಆಡುವುದಕ್ಕಾಗಿ, ಹಣ್ಣು ತುಂಬುವ ಬುಟ್ಟಿಗಳನ್ನು ಗೋಡೆಗೆ ಹೊಡೆದು ಇದನ್ನು ಕಲ್ಪಿಸಿದರು. ಮುಂದೆ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ಶಿಕ್ಷಕರಾದಾಗ ಗೆದ್ದ ಪಂದ್ಯಗಳು 55, ಸೋತವು 60. ಆಟವನ್ನು ಸೃಷ್ಟಿಸಿದ ಪುರುಷನೇ ಆ ವಿದ್ಯಾಲಯದ ಶಿಕ್ಷಕರ ಪರಂಪರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವ ಏಕಮಾತ್ರ ವ್ಯಕ್ತಿ! ಬಲ್ಲವನೆಲ್ಲ ಕಲಿಸಬಲ್ಲವನಲ್ಲವೋ, ಅಥವಾ ಸೋಲುಗೆಲುವಿನ ಲೆಕ್ಕದಿಂದ ಕಲಿಸುವಿಕೆಯನ್ನು ಅಳೆಯಲಾಗದೋ, ಓದುಗರೇ ಯೋಚಿಸಬಹುದು.

ಈಗ ಅಲ್ಲಿ ಈ ಆಟವನ್ನೇ ವೃತ್ತಿಯಾಗಿ ಆಡುವ 30 ತಂಡಗಳ ದೊಡ್ಡ ಒಕ್ಕೂಟವೊಂದಿದೆ, ಎನ್.ಬಿ.ಎ. ಎಂದು ಅದರ ಹೆಸರು. ವಾಡಿಕೆಯಾಗಿ ಒಂದು ಋತುವಿಗೆ ಒಂದೊಂದು ತಂಡವೂ 82 ಪಂದ್ಯಗಳನ್ನಾಡುತ್ತದೆ. ಅವುಗಳಲ್ಲಿ ಮೇಲಾಗಿ ನಿಂತ ತಂಡಗಳು ಮಾತ್ರ ಉತ್ತರಘಟ್ಟಕ್ಕೆ ಹೋಗಿ, ಒಂದನ್ನೊಂದು ಸೋಲಿಸುತ್ತ, ಕೊನೆಗೆ ಒಂದು ತಂಡ ಪ್ರಭುವಾಗುತ್ತದೆ. ತಂಡವನ್ನು ತಿದ್ದಿ ನಡೆಸುವವನನ್ನು ಇಂಗ್ಲಿಷಿನಲ್ಲಿ 'ಕೋಚ್' ಎನ್ನುತ್ತಾರೆ. ನಾನು ಶಿಕ್ಷಕನೆಂದೇ ಬರೆಯುವೆನು. ಕೆಲಸ ಅದೇ ಆಗಿದೆ. ವರ್ಷಕ್ಕೊಬ್ಬ ಉತ್ತಮ ಶಿಕ್ಷಕನನ್ನು ಆರಿಸಿ ಪಾರಿತೋಷಕ ಕೊಡುವ ಪದ್ಧತಿ 1962-63 ರ ಋತುವಿನಿಂದ ನಡೆದುಬಂದಿದೆ. ಮೊದಲು ಪಡೆದವರು ಸೇಂಟ್ ಲೂಯಿಸ್ ತಂಡದ ಹ್ಯಾರಿ ಗ್ಯಾಲಟಿನ್. 1967 ರಿಂದ ಇದಕ್ಕೆ ರೆಡ್ ಔರ್‌ಬ್ಯಾಕ್ ಅವರ ಹೆಸರನ್ನಿಟ್ಟಿದ್ದಾರೆ. ಈ ಮಹನೀಯರು ಹೈಸ್ಕೂಲಿನ ಉಪಾಧ್ಯಾಯರಾಗಿದ್ದವರು. ಬಾಸ್ಟನ್ ತಂಡದ ಶಿಕ್ಷಕರಾಗಿ ಒಂಬತ್ತು ಸಲ, ಅದರಲ್ಲಿ 1959 ರಿಂದ 1966 ರ ವರೆಗೆ ಎಡೆಬಿಡದೆ ಎಂಟು ವರ್ಷ, ಪ್ರಭುತ್ವವನ್ನು ಗೆದ್ದವರು.

ಪಾರಿತೋಷಕ ಯಾರಿಗೆಂಬುದನ್ನು ಕ್ರೀಡೆಯ ವಿಷಯ ಬರೆಯುವ ಪತ್ರಿಕಾಕರ್ತರೂ ಅದನ್ನು ವರ್ಣಿಸಿ ಪ್ರಸಾರಮಾಡುವವರೂ ಮತದಿಂದ ಗೊತ್ತುಮಾಡುತ್ತಾರೆ. ಮತಪತ್ರದಲ್ಲಿ ಮೂರು ಹೆಸರು. ಮೊದಲನೆಯದಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಈ ಮತ ಬೀಳುವುದು ಉತ್ತರಘಟ್ಟ ಆರಂಭವಾಗುವುದಕ್ಕೆ ಮೊದಲು. ಪರೀಕ್ಷೆಯ ಕೊಠಡಿಗೆ ಹುಡುಗರು ಹೋಗುವ ಮುಂಚೆಯೇ ಮೇಷ್ಟ್ರಿಗೆ ಶಾಲು ಹೊದಿಸಿದಂತೆ.

ಹೀಗಿದ್ದರೂ ಉತ್ತಮ ಶಿಕ್ಷಕನ ತಂಡವೇ ಸಾಮಾನ್ಯವಾಗಿ ಪ್ರಭುವಾಗುತ್ತಿರಬೇಕೆಂದು ನಾನು ಎಣಿಸಿದ್ದೆನು. ಲೆಕ್ಕ ಹಾಕಿ ನೋಡಿದರೆ, 2025 ರ ವರೆಗಿನ 63 ಋತುಗಳಲ್ಲಿ ಎರಡೂ ಒಬ್ಬರಿಗೇ ಸೇರಿದ್ದು ಆರೇ ಸಲ: 1965 ರಲ್ಲಿ ಔರ್‌ಬ್ಯಾಕ್, 1970 ರಲ್ಲಿ ರೆಡ್ ಹೋಲ್ಜ್‌ಮನ್, 1972 ರಲ್ಲಿ ಬಿಲ್ ಶಾರ್ಮನ್, 1996 ರಲ್ಲಿ ಫಿಲ್ ಜ್ಯಾಕ್ಸನ್, 2003 ಮತ್ತು 2014 ರಲ್ಲಿ ಗ್ರೆಗ್ ಪೊಪೊವಿಚ್. ಹನ್ನೊಂದು ಸಲ ಪ್ರಭುತ್ವ ಗೆದ್ದ ಜ್ಯಾಕ್ಸನ್ನರಿಗೆ ಈ ಪಾರಿತೋಷಕ ಬಂದದ್ದು ಒಂದೇ ಬಾರಿ. ಪಾರಿತೋಷಕಕ್ಕೆ ತಮ್ಮ ಹೆಸರನ್ನೇ ಕೊಟ್ಟ ಔರ್‌ಬ್ಯಾಕ್ ಅವರಿಗೂ ಒಂದೇ ಬಾರಿ. ಪ್ಯಾಟ್ ರೈಲಿಯವರು ಲಾಸ್ ಏಂಜಲೀಸ್ ತಂಡದೊಡನೆ 1982 ರಿಂದ 1988 ರೊಳಗೆ ನಾಲ್ಕು ಸಲ ಪ್ರಭುತ್ವ ಪಡೆದರು. ಆ ನಾಲ್ಕು ವರ್ಷಗಳಲ್ಲಿಯೂ ಉತ್ತಮ ಶಿಕ್ಷಕರು ಬೇರೆ ಯಾರೋ. ಅವರಿಗೆ ಅದು ದೊರೆತದ್ದು 1990 ರಲ್ಲಿ, ಪ್ರಭುತ್ವ ಕೈತಪ್ಪಿದ ವರ್ಷ.

ಇದನ್ನು ಅನ್ಯಾಯವೆಂದು ಕೂಗುವ ಮೊದಲು ಮತದಾರರ ತರ್ಕವನ್ನೂ ಕೇಳಬೇಕು. ಅವರು ತೂಗುವುದು ಗೆಲುವನ್ನಲ್ಲ. ನಿರೀಕ್ಷೆಗೂ ಗೆಲುವಿಗೂ ನಡುವಿನ ಅಂತರವನ್ನು. ಮಹಾಶೂರರಾದ ಆಟಗಾರರನ್ನು ಕೈಯಲ್ಲಿಟ್ಟುಕೊಂಡು ಗೆದ್ದರೆ ಅದರಲ್ಲಿ ಶಿಕ್ಷಕನದೇನು ಎಂದು ಅವರ ಪ್ರಶ್ನೆ. 1966-67 ರಲ್ಲಿ ಷಿಕಾಗೋ ನಗರದಲ್ಲಿ ಹೊಸದಾಗಿ ಒಂದು ತಂಡವನ್ನು ಕಟ್ಟಿದರು. ಬೇರೆ ತಂಡಗಳು ಬಿಟ್ಟುಕೊಟ್ಟ ಆಟಗಾರರನ್ನು ಕೂಡಿಸಿಕೊಂಡು ಜಾನಿ ಕೆರ್ ಎಂಬವರು 33 ಪಂದ್ಯ ಗೆದ್ದು 48 ರಲ್ಲಿ ಸೋತರು. ಆದರೂ ಉತ್ತರಘಟ್ಟವನ್ನು ಮುಟ್ಟಿದರು. ಆ ವರ್ಷದ ಉತ್ತಮ ಶಿಕ್ಷಕರು ಅವರೇ. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಹತ್ತು ಮಂದಿ ತೇರ್ಗಡೆಯಾಗುತ್ತಿದ್ದ ತರಗತಿಯಲ್ಲಿ ಮೂವತ್ತು ಮಂದಿಯನ್ನು ದಾಟಿಸಿದ ಉಪಾಧ್ಯಾಯನಿಗೆ ಬಹುಮಾನ ಸಲ್ಲಬೇಕಾದದ್ದೇ.

ತೊಡಕು ಇರುವುದು ಇದರ ಮಗ್ಗುಲಲ್ಲಿ. ನನ್ನೊಡನೆ ಕೆಲಸ ಮಾಡಿದ ಗಣಿತದ ಮೇಷ್ಟ್ರೊಬ್ಬರ ತರಗತಿಯಲ್ಲಿ ವರ್ಷ ವರ್ಷವೂ ಹೆಚ್ಚುಕಡಮೆ ಎಲ್ಲರೂ ತೇರ್ಗಡೆಯಾಗುತ್ತಿದ್ದರು. ವಿಷಯಪರಿವೀಕ್ಷಕರು ಬಂದಾಗ ಆ ತರಗತಿಯ ಕಡೆಗೆ ಕಣ್ಣು ಹಾಯಿಸಿಯೂ ನೋಡುತ್ತಿರಲಿಲ್ಲ. ಅಲ್ಲಿ ಆಗಬೇಕಾದದ್ದು ಆಗುತ್ತಿದೆ, ಹುಡುಗರು ಜಾಣರು ಎಂದು ಮುಂದೆ ಹೋಗುತ್ತಿದ್ದರು. ಪ್ರತಿದಿನವೂ ದೀಪ ಹಚ್ಚುವವರನ್ನು ಯಾರೂ ಕಾಣರು. ಒಂದು ಸಂಜೆ ಹಚ್ಚದಿದ್ದಾಗ ಮಾತ್ರ ಮನೆಯವರೆಲ್ಲ ಅವರ ಹೆಸರನ್ನು ಕೂಗುತ್ತಾರೆ. ಬಾಸ್ಕೆಟ್‌ಬಾಲಿನಲ್ಲಿ ಅಂತಹ ಒಬ್ಬ ದೀಪ ಹಚ್ಚುವ ಮನುಷ್ಯನಿದ್ದರು. ಅವರ ಹೆಸರು ಜೆರಿ ಸ್ಲೋನ್.

ಸ್ಲೋನರು 1942 ರಲ್ಲಿ ಇಲಿನಾಯ್ ಸಂಸ್ಥಾನದ ಮೆಕ್‌ಲೀನ್ಸ್‌ಬರೋ ಎಂಬ ಊರಿನ ಒಕ್ಕಲು ಮನೆತನದಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಕೊನೆಯವರು. ನಾಲ್ಕನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಬೆಳಗಿನ ಜಾವಕ್ಕೆ ಎದ್ದು ಹೊಲಮನೆಯ ಕೆಲಸ ಮುಗಿಸಿ, ಅನಂತರ ಶಾಲೆಗೆ ನಡೆದುಹೋಗಿ ಆಟದ ಅಭ್ಯಾಸ ಮಾಡುತ್ತಿದ್ದರು. ಹೊಲದ ನಂಟು ಕೊನೆಯವರೆಗೂ ಬಿಡಲಿಲ್ಲ. ಹಳೆಯ ಟ್ರ್ಯಾಕ್ಟರುಗಳನ್ನು ಕೂಡಿಹಾಕುವುದು ಅವರ ಹವ್ಯಾಸವಾಗಿತ್ತು. ಆಟಗಾರರಾಗಿ ಅವರು ಪ್ರಸಿದ್ಧರಾದದ್ದು ಮೇಲೆ ಹೇಳಿದ ಷಿಕಾಗೋ ತಂಡದಲ್ಲಿ. ಜಾನಿ ಕೆರ್ ಅವರಿಗೆ ಪಾರಿತೋಷಕ ಬಂದ ವರ್ಷ ಅವರ ಐವರಲ್ಲಿ ಸ್ಲೋನರೂ ಒಬ್ಬರು. ಅದೇ ತಂಡದಿಂದ 1971 ರಲ್ಲಿ ಡಿಕ್ ಮೋಟಾ ಎಂಬ ಶಿಕ್ಷಕರು ಉತ್ತಮರೆನಿಸಿಕೊಂಡಾಗಲೂ ಸ್ಲೋನರು ಅಲ್ಲಿ ಆಡುತ್ತಿದ್ದರು. ಶಿಷ್ಯನಾಗಿ ಇಬ್ಬರು ಗುರುಗಳಿಗೆ ಈ ಗೌರವವನ್ನು ತಂದುಕೊಟ್ಟವರು ಎಂದು ಹೇಳಿದರೆ ಅತಿಶಯವಾಗದು. ಷಿಕಾಗೋದವರು ಅವರ 4 ನೆಯ ಸಂಖ್ಯೆಯ ಅಂಗಿಯನ್ನು ಮತ್ತೊಬ್ಬರಿಗೆ ಕೊಡದೆ ಕ್ರೀಡಾಗೃಹದಲ್ಲಿ ತೂಗುಹಾಕಿದರು.

ಆ ಊರಿನ ತಂಡಕ್ಕೇ 1979 ರಲ್ಲಿ ಶಿಕ್ಷಕರಾದರು. ಮೂರನೆಯ ಋತು ಮುಗಿಯುವ ಮೊದಲೇ, 1982 ರಲ್ಲಿ, ಕೆಲಸ ಹೋಯಿತು. ತರುವಾಯ ಯೂಟಾ ಸಂಸ್ಥಾನದ ತಂಡದಲ್ಲಿ ಸಹಾಯಕರಾಗಿ ಸೇರಿ, 1988 ರ ಡಿಸೆಂಬರಿನಲ್ಲಿ ಮುಖ್ಯ ಶಿಕ್ಷಕರಾದರು. ಅವರಿಗೆ ಸ್ಥಾನ ಬಿಟ್ಟುಕೊಟ್ಟ ಫ್ರ್ಯಾಂಕ್ ಲೇಡನ್ನರು 1984 ರ ಪಾರಿತೋಷಕವನ್ನು ಪಡೆದವರು. ಸ್ಲೋನರು ಆ ಸ್ಥಾನದಲ್ಲಿ 2011 ರ ಫೆಬ್ರವರಿಯವರೆಗೆ ಇದ್ದರು. ಆ ಅವಧಿಯಲ್ಲಿ ಒಕ್ಕೂಟದ ಇತರ ತಂಡಗಳಲ್ಲಿ ಇನ್ನೂರಕ್ಕೂ ಮೀರಿ ಶಿಕ್ಷಕರ ಬದಲಾವಣೆಗಳಾದುವೆಂದರೆ, ಒಂದೇ ಕುರ್ಚಿಯಲ್ಲಿ ಇಪ್ಪತ್ತಮೂರು ಋತು ಕಾಲ ಕುಳಿತಿರುವುದೆಂದರೇನೆಂದು ಊಹಿಸಬಹುದು.

ಅವರ ಕೈಗೆ ಇಬ್ಬರು ಅಸಾಧಾರಣ ಶಿಷ್ಯರು ಸಿಕ್ಕಿದ್ದರು. ಒಬ್ಬರು ಜಾನ್ ಸ್ಟಾಕ್ಟನ್, ಆ ಗುಂಪಿನಲ್ಲಿ ಗಿಡ್ಡರೆನ್ನಬಹುದಾದ ಆರಡಿ ಒಂದಂಗುಲದ ಆಳು. ಇನ್ನೊಬ್ಬರು ಕಾರ್ಲ್ ಮಲೋನ್, ಆರಡಿ ಒಂಬತ್ತಂಗುಲದ ಭೀಮಕಾಯ. ಇವರಿಬ್ಬರಿಂದ ಸ್ಲೋನರು ಆಡಿಸುತ್ತಿದ್ದ ಒಂದು ವರಸೆಯನ್ನು ನೋಡಿದರೆ ಪಾಠ ಹೇಳುವವರಿಗೆ ಸಂತೋಷವಾಗುತ್ತದೆ. ಗಿಡ್ಡನು ಚೆಂಡನ್ನು ಪುಟಿಸುತ್ತ ಬರುತ್ತಾನೆ. ಅವನನ್ನು ತಡೆಯಲು ಒಬ್ಬ ಎದುರಾಳಿ ಅಂಟಿಕೊಂಡಿರುತ್ತಾನೆ. ಭೀಮಕಾಯನು ಬಂದು ಆ ಎದುರಾಳಿಯ ದಾರಿಯಲ್ಲಿ ಕಂಬದಂತೆ ನಿಲ್ಲುತ್ತಾನೆ. ಗಿಡ್ಡನು ಕಂಬವನ್ನು ಸವರಿಕೊಂಡು ಆಚೆಗೆ ನುಸುಳುತ್ತಾನೆ. ಈಗ ಭೀಮಕಾಯನನ್ನು ಕಾಯುತ್ತಿದ್ದವನಿಗೆ ಧರ್ಮಸಂಕಟ: ಗಿಡ್ಡನನ್ನು ತಡೆಯಹೋದರೆ ಭೀಮಕಾಯನು ತಿರುಗಿ ಬಳೆಯ ಕಡೆಗೆ ಧಾವಿಸುತ್ತಾನೆ, ಚೆಂಡು ಅವನ ಕೈಗೆ ಬರುತ್ತದೆ, ತಡೆಯದಿದ್ದರೆ ಗಿಡ್ಡನೇ ಚೆಂಡನ್ನು ಬಳೆಗೆ ಎಸೆಯುತ್ತಾನೆ. ಇಷ್ಟೇ ವಿದ್ಯೆ. ಇದು ಬರುತ್ತದೆಂದು ಎದುರಾಳಿಗಳಿಗೆಲ್ಲ ಗೊತ್ತು, ಪ್ರೇಕ್ಷಕರಿಗೂ ಗೊತ್ತು. ಆದರೂ ಹದಿನೈದು ವರ್ಷ ಅದನ್ನು ತಡೆಯುವುದು ದುಸ್ತರವಾಯಿತು. ಹೊಸ ಚಮತ್ಕಾರಗಳನ್ನು ಹುಡುಕದೆ ಒಂದು ಪಾಠವನ್ನು ತಪ್ಪಿಲ್ಲದಷ್ಟು ಮಟ್ಟಿಗೆ ತಿದ್ದುವುದು ಹಳೆಯ ಕಾಲದ ವೇದಪಾಠಶಾಲೆಯ ಕ್ರಮ. ಈ ಒಕ್ಕಲಿಗರ ಮಗನಿಗೆ ಆ ಕ್ರಮ ಹೇಗೋ ಸಿದ್ಧಿಸಿತ್ತು.

1989 ರಿಂದ 2003 ರ ವರೆಗೆ ಹದಿನೈದು ವರ್ಷವೂ ಯೂಟಾ ತಂಡ ಉತ್ತರಘಟ್ಟಕ್ಕೆ ಹೋಯಿತು. 1997 ರಲ್ಲಿ 64 ಪಂದ್ಯಗಳನ್ನು ಗೆದ್ದಿತು. ಆ ವರ್ಷದ ಪಾರಿತೋಷಕ 61 ಗೆದ್ದ ಮಯಾಮಿಯ ರೈಲಿಯವರಿಗೆ. ಏಕೆಂದರೆ ಮಯಾಮಿ ಹಿಂದಿನ ವರ್ಷ 42 ಗೆದ್ದಿತ್ತು. 1998 ರಲ್ಲಿ ಯೂಟಾ 62 ಗೆದ್ದಿತು. ಪಾರಿತೋಷಕ 58 ಗೆದ್ದ ಇಂಡಿಯಾನದ ಲ್ಯಾರಿ ಬರ್ಡ್ ಅವರಿಗೆ; ಆ ತಂಡ ಹಿಂದಿನ ವರ್ಷ 39 ಗೆದ್ದಿತ್ತು. ಆ ಎರಡು ವರ್ಷವೂ ಯೂಟಾ ಅಂತಿಮ ಸುತ್ತಿನವರೆಗೆ ಹೋಗಿ, ಸ್ಲೋನರ ಅಂಗಿ ತೂಗುತ್ತಿದ್ದ ಅದೇ ಷಿಕಾಗೋ ತಂಡಕ್ಕೆ ಸೋತಿತು. ಹೀಗೆ ವರ್ಷ ವರ್ಷವೂ ಎತ್ತರದಲ್ಲಿದ್ದವರಿಗೆ ಏರಿದರೆಂಬ ಹೆಸರು ಬರುವುದಾದರೂ ಹೇಗೆ? ಇಷ್ಟು ದೊಡ್ಡ ಶಿಷ್ಯರಿದ್ದರೆ ಯಾರಾದರೂ ಗೆದ್ದಾರು ಎಂದು ಹೇಳುವವರೂ ಇದ್ದರು. ಸ್ಲೋನರು ಅದಕ್ಕೆ ಎದುರು ಹೇಳುತ್ತಿರಲಿಲ್ಲ. ಕೀರ್ತಿಯನ್ನೆಲ್ಲ ಆಟಗಾರರ ಪಾದಕ್ಕೇ ಒಪ್ಪಿಸುತ್ತಿದ್ದರು.

ನಮ್ಮ ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂದು ಎರಡು ದಾರಿಗಳನ್ನು ಹೇಳಿದ್ದಾರೆ. ಒಂದು ಇದ್ದಾಗ ಇನ್ನೊಂದಿರುವುದು ಅನ್ವಯ. ಒಂದು ಇಲ್ಲದಿದ್ದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಅನ್ವಯವೊಂದನ್ನೇ ನೋಡಿದರೆ ಮೋಸಹೋಗಬಹುದು. ಗುರುವೂ ಶಿಷ್ಯರೂ ಹದಿನೈದು ವರ್ಷ ಒಟ್ಟಿಗಿದ್ದರೆ ಗೆಲುವಿನಲ್ಲಿ ಯಾರ ಪಾಲೆಷ್ಟೆಂದು ಬ್ರಹ್ಮನೂ ಹೇಳಲಾರನು. ವ್ಯತಿರೇಕವು ಬೇಕು, ಅಂದರೆ ಶಿಷ್ಯರನ್ನು ತೆಗೆದು ಗುರುವನ್ನು ಮಾತ್ರ ಉಳಿಸಿ ನೋಡಬೇಕು. ಜೀವನದಲ್ಲಿ ಅಂತಹ ಪರೀಕ್ಷೆ ಬಹಳ ಅಪರೂಪವಾಗಿ ಒದಗುತ್ತದೆ. ಸ್ಲೋನರಿಗೆ ಒದಗಿತು.

2003 ರಲ್ಲಿ ಸ್ಟಾಕ್ಟನ್ನರು ನಿವೃತ್ತರಾದರು. ಮಲೋನರು ಲಾಸ್ ಏಂಜಲೀಸಿಗೆ ಹೊರಟುಹೋದರು. ಗುಣಿಸಿ ಭಾಗಿಸಿ ನೋಡಿದ ಪಂಡಿತರು ಯೂಟಾ ತಂಡ ಒಕ್ಕೂಟದ ತಳದಲ್ಲಿ ಬೀಳುವುದೆಂದು ಭವಿಷ್ಯ ಹೇಳಿದರು. ಹೆಸರಿಲ್ಲದ ಹುಡುಗರನ್ನು ಕಟ್ಟಿಕೊಂಡು ಸ್ಲೋನರು ಆ ಋತುವಿನಲ್ಲಿ 42 ಪಂದ್ಯ ಗೆದ್ದರು, 40 ಸೋತರು. ಉತ್ತರಘಟ್ಟ ಒಂದೇ ಗೆಲುವಿನಿಂದ ತಪ್ಪಿತು. ಪ್ರಭುತ್ವಕ್ಕೆ ಸಮೀಪವಾಗಿದ್ದ ವರ್ಷಗಳಿಗಿಂತ ಈ 42 ರಲ್ಲಿ ಗುರುವಿನ ಪಾಲು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆಂದು ನನ್ನ ಅಭಿಪ್ರಾಯ. ನಿರೀಕ್ಷೆಯ ಅಂತರವನ್ನೇ ತೂಗುವ ಮತದಾರರಿಗೂ ಇದು ಒಪ್ಪಿಗೆಯಾಗಬೇಕಾಗಿತ್ತು.

ಮತಗಳನ್ನು ಎಣಿಸಿದಾಗ ಸ್ಲೋನರು ಎರಡನೆಯವರು. ಮೊದಲನೆಯವರು ಮೆಂಫಿಸ್ ತಂಡದ ಹ್ಯೂಬಿ ಬ್ರೌನ್. ಎಪ್ಪತ್ತರ ವಯಸ್ಸಿನ ಈ ವೃದ್ಧರು, ಹಿಂದಿನ ವರ್ಷ 28 ಗೆದ್ದಿದ್ದ ತಂಡವನ್ನು 50 ಕ್ಕೆ ಏರಿಸಿ ಮೊಟ್ಟಮೊದಲ ಬಾರಿಗೆ ಉತ್ತರಘಟ್ಟಕ್ಕೆ ಒಯ್ದಿದ್ದರು. 1978 ರಲ್ಲಿ ಒಮ್ಮೆ ಇದೇ ಪಾರಿತೋಷಕವನ್ನು ಪಡೆದವರು, ಇಪ್ಪತ್ತಾರು ವರ್ಷಗಳ ಮೇಲೆ ಎರಡನೆಯ ಬಾರಿ ಪಡೆದರು. ಅವರು ಅಪಾತ್ರರೆಂದು ಯಾರು ಹೇಳಿಯಾರು? ನಾನಂತೂ ಹೇಳೆನು. ಅಳತೆಗೋಲು ಕಡೆಗೊಮ್ಮೆ ಸ್ಲೋನರ ಕಡೆ ತಿರುಗಿದಾಗ ಪಕ್ಕದಲ್ಲಿ ಇನ್ನೊಬ್ಬ ಯೋಗ್ಯರು ನಿಂತಿದ್ದರು, ಅಷ್ಟೆ. ಹರದತ್ತನಿಗೆ ಮಧ್ಯಾಹ್ನವಾದಂತೆ.

ಪಾರಿತೋಷಕ ಬಾರದವರ ಕಥೆ ಹೀಗಾದರೆ, ಬಂದವರದು ಸುಖವೋ ಎಂದರೆ ಅದೂ ಇಲ್ಲ. ಮೊಮ್ಮಗನ ಪ್ರಶ್ನೆಗೆ ಈಗ ಬರುತ್ತೇನೆ. 2013 ರ ಮೇ ತಿಂಗಳಲ್ಲಿ ಡೆನ್ವರ್ ತಂಡದ ಜಾರ್ಜ್ ಕಾರ್ಲ್ ಅವರಿಗೆ ಪಾರಿತೋಷಕ ಬಂದಿತು. ಜೂನ್ ತಿಂಗಳಲ್ಲಿ ಅವರ ಕೆಲಸ ಹೋಯಿತು. ಡ್ವೇನ್ ಕೇಸಿಯವರದು ಇನ್ನೂ ವಿಚಿತ್ರ. ಅವರು ಕೆನಡಾ ದೇಶದ ಟೊರಾಂಟೋ ತಂಡವನ್ನು 2017-18 ರಲ್ಲಿ 59 ಗೆಲುವುಗಳಿಗೆ ಏರಿಸಿದ್ದರು. ಆ ತಂಡಕ್ಕೆ ಅದಕ್ಕೆ ಮೊದಲು ಅಷ್ಟು ಗೆಲುವು ಬಂದಿರಲಿಲ್ಲ. ಮತಗಳೆಲ್ಲ ಬಿದ್ದ ಮೇಲೆ ಉತ್ತರಘಟ್ಟದಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಸಾಲಾಗಿ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತು. ಮೇ 9 ರಂದು ಶಿಕ್ಷಕರೇ ತಮ್ಮ ತಮ್ಮಲ್ಲಿ ಮತ ಹಾಕಿ ಕೊಡುವ ಬೇರೊಂದು ಬಹುಮಾನ ಕೇಸಿಯವರಿಗೆ ದೊರೆಯಿತು. ಮೇ 11 ರಂದು ಟೊರಾಂಟೋದವರು ಅವರನ್ನು ತೆಗೆದುಹಾಕಿದರು. ಜೂನ್ 25 ರಂದು ಔರ್‌ಬ್ಯಾಕ್ ಪಾರಿತೋಷಕವೂ ಅವರದೇ ಆಯಿತು. ಅಷ್ಟರಲ್ಲಿ ಅವರು ಡೆಟ್ರಾಯ್ಟ್ ತಂಡದಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ತೆಗೆದುಹಾಕಿದವರನ್ನು ಮೂರ್ಖರೆನ್ನೋಣವೆಂದರೆ ಅದಕ್ಕೂ ಎಡೆಯಿಲ್ಲ. ಹೊಸ ಶಿಕ್ಷಕರಾದ ನಿಕ್ ನರ್ಸ್ ಅವರ ಕೈಯಲ್ಲಿ ಅದೇ ತಂಡ ಮರುವರ್ಷವೇ ಪ್ರಭುವಾಯಿತು. ಆದರೆ ಆ ವರ್ಷ ಆಟಗಾರರಲ್ಲಿಯೂ ದೊಡ್ಡ ಬದಲಾವಣೆಯಾಗಿತ್ತು. ಕವೈ ಲೆನರ್ಡ್ ಎಂಬ ಮಹಾವೀರರು ಬಂದು ಸೇರಿದ್ದರು. ಗುರುವೂ ಬದಲು, ಶಿಷ್ಯನೂ ಬದಲು. ವ್ಯತಿರೇಕವನ್ನು ಯಾವುದಕ್ಕೆ ಹಚ್ಚುವುದು? ಅದೇ ನರ್ಸ್ ಅವರು 2020 ರಲ್ಲಿ ಉತ್ತಮ ಶಿಕ್ಷಕರಾದರು. 2023 ರಲ್ಲಿ ಅವರನ್ನೂ ಕಳುಹಿಸಿದರು.

ಮೊಮ್ಮಗನು ಕೇಳಿದ್ದು ಮೈಕ್ ಬ್ರೌನ್ ಎಂಬವರ ವಿಷಯ. ಹದಿನಾರು ಋತು ಉತ್ತರಘಟ್ಟದ ಮುಖವನ್ನೇ ಕಾಣದಿದ್ದ ಸ್ಯಾಕ್ರಮೆಂಟೋ ತಂಡವನ್ನು ಅವರು ವಹಿಸಿಕೊಂಡು ಮೊದಲನೆಯ ವರ್ಷದಲ್ಲಿಯೇ 48 ಗೆಲುವುಗಳೊಡನೆ ಅಲ್ಲಿಗೆ ಮುಟ್ಟಿಸಿದರು. 2023 ರಲ್ಲಿ ಮತದಾರರಲ್ಲಿ ಪ್ರತಿಯೊಬ್ಬರೂ ಅವರ ಹೆಸರನ್ನೇ ಮೊದಲು ಬರೆದರು. ಈ ಪಾರಿತೋಷಕದ ಇತಿಹಾಸದಲ್ಲಿ ಅದಕ್ಕೆ ಮೊದಲು ಹಾಗಾದದ್ದಿಲ್ಲ. 2024 ರ ಡಿಸೆಂಬರ್ 27 ರಂದು ಅವರ ಕೆಲಸ ಹೋಯಿತು. ನನಗೆ ತೋರುವ ಕಾರಣವನ್ನು ಹುಡುಗನಿಗೆ ಹೀಗೆ ಹೇಳಿದೆನು: "ಮಗು, ಕಡಮೆ ನಿರೀಕ್ಷೆಯಿದ್ದುದರಿಂದ ಅವರಿಗೆ ಬಹುಮಾನ ಬಂತು. ಬಹುಮಾನ ಬಂದದ್ದರಿಂದ ನಿರೀಕ್ಷೆ ಹೆಚ್ಚಿತು. ಮರುವರ್ಷ ಹೊಸ ಅಳತೆಯಿಂದ ಅಳೆದರು." ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಬಹುಮಾನ ಬೇಡ ಅನ್ನಬೇಕಿತ್ತು" ಎಂದನು. ಬ್ರೌನರು ಬೇಡವೆನ್ನಲಿಲ್ಲ, 2025 ರಲ್ಲಿ ನ್ಯೂಯಾರ್ಕ್ ತಂಡ ಅವರನ್ನು ಕರೆದುಕೊಂಡಿತು. ಅಲ್ಲಿ ಅವರಿಗೆ ತೆರವಾದ ಸ್ಥಾನ ಟಾಮ್ ಥಿಬೊಡೊ ಅವರದು. ಅವರೂ 2011 ಮತ್ತು 2021 ರ ಉತ್ತಮ ಶಿಕ್ಷಕರು. ಅವರನ್ನೂ ಆಗ ತಾನೆ ತೆಗೆದುಹಾಕಿದ್ದರು.

ಸ್ಲೋನರ ಪಾಲಿಗೆ ಔರ್‌ಬ್ಯಾಕ್ ಪಾರಿತೋಷಕ ಕೊನೆಯವರೆಗೂ ಬರಲಿಲ್ಲ. ಆಟದ ಮಹಾಪುರುಷರ ಕೀರ್ತಿಮಂದಿರಕ್ಕೆ 2009 ರಲ್ಲಿ ಅವರನ್ನು ಸೇರಿಸಿಕೊಂಡರು. ಅದೇ ದಿನ ಅವರ ಶಿಷ್ಯ ಸ್ಟಾಕ್ಟನ್ನರೂ ಸೇರಿದರು. ಷಿಕಾಗೋ ಮತ್ತು ಯೂಟಾ ಎರಡನ್ನೂ ಕೂಡಿಸಿ ಸಾಧಾರಣ ಪಂದ್ಯಗಳಲ್ಲಿ ಅವರ ಗೆಲುವು 1,221. ನರರೋಗದಿಂದ ಕೃಶರಾಗಿ, 2020 ರ ಮೇ 22 ರಂದು, ತಮ್ಮ 78 ನೆಯ ವಯಸ್ಸಿನಲ್ಲಿ ತೀರಿಕೊಂಡರು. ಯೂಟಾದವರು ಅದಕ್ಕೆ ಆರು ವರ್ಷ ಮುಂಚೆ, 2014 ರ ಜನವರಿ 31 ರಂದು, ಆಟಗಾರರ ಅಂಗಿಗಳನ್ನು ತೂಗುಹಾಕುವಂತೆ ಅವರಿಗಾಗಿ ಒಂದು ಪತಾಕೆಯನ್ನು ಕ್ರೀಡಾಗೃಹದ ಸೂರಿಗೆ ಏರಿಸಿದ್ದರು. ಶಿಕ್ಷಕನಿಗೆ ಅಂಗಿಯ ಸಂಖ್ಯೆಯಿಲ್ಲವಷ್ಟೆ. ಆದುದರಿಂದ ಯೂಟಾದಲ್ಲಿ ಅವರು ಗೆದ್ದ ಪಂದ್ಯಗಳನ್ನು, ಉತ್ತರಘಟ್ಟದವನ್ನೂ ಸೇರಿಸಿ, ಒಂದೊಂದಾಗಿ ಎಣಿಸಿ, ಆ ಮೊತ್ತವನ್ನೇ ಪತಾಕೆಯ ಮೇಲೆ ಬರೆಸಿದರು: 1223.